ಮೊರಕ್ಕೆ ಬಾರದ ಮಾತ್ರೆ

ಅರಳಗುಪ್ಪೆಯ ಕೆಂಚಯ್ಯನ ಜಗಲಿಯ ಮೇಲೆ ಕೂತು ಮೊರದಲ್ಲಿದ್ದ ಮಾತ್ರೆಗಳನ್ನು ಬೇರೆ ಬೇರೆ ಮಾಡುತ್ತಿದ್ದ ನಿರ್ಮಲಾಗೆ ಇದ್ದಕ್ಕಿದ್ದ ಹಾಗೆ ಅನ್ನಿಸಿತು: ಬೆಳಗ್ಗೆ ಅತ್ತೆಯ ಹಾಲಿಗೆ ನಾನು ಉಂಡೆ ಎರಡು ಸಲ ಹಾಕಿಬಿಟ್ಟೆನೆ? ಅನ್ನಿಸಿದ್ದೇ ತಡ, ಬೆರಳ ಕೆಳಗಿದ್ದ ಲೆಕ್ಕ ತಪ್ಪಿತು. ಹಳದಿಯವನ್ನು ಬಿಳಿಯವುಗಳ ಜೊತೆ ಸೇರಿಸಿಬಿಟ್ಟಿದ್ದಳು. ಕೆಂಚಯ್ಯ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ತೆಂಗಿನಕಾಯಿ ಸುಲಿದು ಸುಲಿದು ಸೊಂಟ ಬಗ್ಗಿಹೋದ ಮುದುಕ. ಸೊಂಟಕ್ಕೊಂದು ಮಾತ್ರೆ, ಬಿಪಿಗೊಂದು, ಅವೆರಡನ್ನೂ ತಿಂದದ್ದಕ್ಕೆ ಎದೆ ಉರಿಯುತ್ತದೆಂದು ಇನ್ನೊಂದು. ಸಂಜೆ ಹಾಕುವ ಎಣ್ಣೆಯನ್ನು ಅವನು ಯಾವ ಲೆಕ್ಕಕ್ಕೂ ಸೇರಿಸಿರಲಿಲ್ಲ. ಇಂಥವರು, ಅಂದರೆ ವಯಸ್ಸಾದವರು, ಒಂಟಿಯಾದವರು, ಕೂಲಿಯಲ್ಲಿ ಮೈ ಸವೆಸಿಕೊಂಡವರು, ಒಟ್ಟಿಗೆ ಎಷ್ಟು ಬಗೆಯ ಔಷಧಿ ನುಂಗುತ್ತಾರೆ ಎಂದು ಅಳೆಯುವುದಕ್ಕೆ ಯಾವುದೋ ಕಾಲೇಜಿನವರು ಊರೂರಿನಲ್ಲಿ ಸರ್ವೆ ಮಾಡಿಸುತ್ತಿದ್ದರು. ಬಾಯಲ್ಲಿ ಕೇಳಿದರೆ ಜನ ಒಂದು ಬಿಪಿ ಮಾತ್ರೆ ಅಷ್ಟೆ ಕಣವ್ವ ಅಂದುಬಿಡುತ್ತಾರೆ. ಅದಕ್ಕೇ ನಿರ್ಮಲಾ ಹೋದ ಮನೆಯಲ್ಲೆಲ್ಲ ಮೊದಲು ಮೊರ ತರಿಸುತ್ತಿದ್ದಳು. ಇರುವುದನ್ನೆಲ್ಲ ಇದಕ್ಕೆ ಸುರಿಯಿರಿ ಅನ್ನುವಳು. ಆಗ ದೇವರ ಗೂಡಿನಿಂದ, ದಿಂಬಿನ ಕೆಳಗಿಂದ, ಹಳೇ ಸೀರೆಯ ಮಡಿಕೆಯಿಂದ, ಕೊಬ್ಬರಿ ಚಿಪ್ಪಿನಿಂದ ಮಾತ್ರೆಗಳು ಹೊರಬೀಳುತ್ತಿದ್ದವು. ಸುಳ್ಳು ಬಾಯಿಗೆ ಬರುತ್ತದೆ, ಮೊರಕ್ಕೆ ಬರುವುದಿಲ್ಲ ಎಂದು ಅವಳು ಆಡಿದ ಮಾತನ್ನು ಸೂಪರ್‌ವೈಸರ್ ಶ್ರೀನಿವಾಸ್ ತಿಪಟೂರಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಎತ್ತಿ ಹೇಳಿದ್ದ. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಮೊರದ ಅಂಚಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯ ಹಾಳೆಯೊಂದಿತ್ತು. ನಿಮಗೆ ಸಕ್ಕರೆ ಇಲ್ಲವಲ್ಲ, ಇದು ಯಾರದು ಎಂದು ಕೇಳಿದಳು.

"ನಮ್ಮನೇವ್ಳುದು," ಅಂದ ಕೆಂಚಯ್ಯ. "ಅವ್ಳೋದ್ಮೇಲೆ ಉಳ್ಕಂಡಿದ್ವು. ಎಸೆಯಾಕೆ ಮನ್ಸು ಬರ್ಲಿಲ್ಲ ಕಣವ್ವ. ಅದ್ಕೇ ನಾನೇ ತಿಂತಾ ಇವ್ನಿ."

ತಿಂದರೆ ಏನಾಗುತ್ತದೆ ಎಂದರೆ, ಒಂದಿಷ್ಟು ಹೊತ್ತು ಕಣ್ಣು ಕತ್ತಲೆ ಬರುತ್ತದೆ, ಆಮೇಲೆ ಸರಿಹೋಗುತ್ತದೆ ಅಂದ, ಅದು ಹೆಂಡತಿ ಬಂದು ಮಾತಾಡಿಸಿ ಹೋದಷ್ಟೇ ಸಹಜ ಎಂಬ ಹಾಗೆ. ಇನ್ನೊಬ್ಬರ ಮಾತ್ರೆ ತಿನ್ನಬಾರದು, ಪ್ರಾಣಕ್ಕೆ ಅಪಾಯ, ಇವತ್ತೇ ನಿಲ್ಲಿಸಿ ಎಂದು ನಿರ್ಮಲಾ ಹೇಳಿದಳು. ಹೇಳಬೇಕಾದದ್ದೇ. ಆದರೆ ಪ್ರಾಣಕ್ಕೆ ಅಪಾಯ ಎಂಬ ಮಾತು ಅವಳ ಬಾಯಿಂದ ಹೊರಟು ಅವಳ ಕಿವಿಗೇ ಬಂದು ಕೂತಿತು. ಎರಡು ಉಂಡೆ ಅಂದರೆ ಎರಡು ಮಾತ್ರೆ. ಮುದುಕಿಯ ಮೈಯಲ್ಲಿ ಇರುವುದೇ ಎಲುಬಿನ ಮೇಲಿಷ್ಟು ತೊಗಲು.

ಬೆಳಗಿನದನ್ನು ಹಿಂದಕ್ಕೆ ಓಡಿಸಿ ನೋಡಿದಳು. ಲೋಟಕ್ಕೆ ಹಾಲು ಬಗ್ಗಿಸಿದ್ದು ನೆನಪಿದೆ. ಗೂಡಿನಿಂದ ಏಲಕ್ಕಿ ಡಬ್ಬಿ ತೆಗೆದದ್ದು ನೆನಪಿದೆ. ಅದರಲ್ಲಿ ಏಲಕ್ಕಿ ಇರಲಿಲ್ಲ, ಬೆಲ್ಲದ ಉಂಡೆಗಳಿದ್ದವು. ನಿದ್ದೆಯ ಮಾತ್ರೆಯನ್ನು ಕುಟ್ಟಾಣಿಯಲ್ಲಿ ಪುಡಿಮಾಡಿ, ಬೆಲ್ಲದ ಜೊತೆ ನಾದಿ, ಒಂದು ಮಾತ್ರೆಗೆ ಒಂದರಂತೆ ಗೋಲಿಯಷ್ಟು ಉಂಡೆ ಕಟ್ಟಿಡುವುದು ಅವಳೇ ಕಂಡುಕೊಂಡ ಉಪಾಯ. ಹಾಲಿಗೆ ಹಾಕಿ ಕದಡಿದರೆ ಬೆಲ್ಲದ ಹಾಲು. ಬಾಗಿಲಲ್ಲಿ ನಿಂತು ನೋಡಿದವರು ಅತ್ತೆಗೆ ದಿನಾ ಬೆಲ್ಲದ ಹಾಲು ಕೊಡುವ ಸೊಸೆ, ಭೈರಮ್ಮ ಪುಣ್ಯ ಮಾಡಿದ್ದಳು ಅನ್ನಬೇಕು, ಅಂದಿದ್ದರು ಕೂಡ. ಇವತ್ತು ಡಬ್ಬಿಗೆ ಕೈ ಹಾಕುವ ಹೊತ್ತಿಗೆ ಫೋನು ಬಂತು. ಅವಳ ಮನೆಯಲ್ಲಿ ಮೊಬೈಲಿನ ಮಾತು ಸರಿಯಾಗಿ ಕೇಳುವುದು ಹಿತ್ತಿಲ ಬಚ್ಚಲ ಕಲ್ಲಿನ ಮೇಲೆ ನಿಂತರೆ ಮಾತ್ರ. ಓಡಿದಳು. ಇವತ್ತು ಸಂಪಿಗೆ ಗ್ರಾಮ ಬೇಡ, ಅರಳಗುಪ್ಪೆಗೆ ಹೋಗಿ ಅಂದ ಶ್ರೀನಿವಾಸ್. ಒಳಗೆ ಬಂದು ಡಬ್ಬಿಗೆ ಕೈ ಹಾಕಿ, ಉಂಡೆ ಹಾಕಿ, ಕದಡಿ, ಕೊಟ್ಟಳು. ಹಾಗಾದರೆ ಫೋನು ಬರುವುದಕ್ಕೆ ಮುಂಚೆ? ಬಚ್ಚಲ ಕಲ್ಲಿನ ಮೇಲೆ ನಿಂತಿದ್ದಾಗ ಬೆರಳು ಅಂಟಂಟಾಗಿತ್ತು, ಸೆರಗಿಗೆ ಒರೆಸಿಕೊಂಡಿದ್ದಳು, ಅದು ಚೆನ್ನಾಗಿ ನೆನಪಿದೆ. ಆದರೆ ಆ ಅಂಟು ಇವತ್ತಿನದೋ ನಿನ್ನೆಯದೋ? ನಿನ್ನೆಯೂ ಇದೇ ಹಾಲು, ಇದೇ ಲೋಟ, ಇದೇ ಸೆರಗು. ಊರವರ ಮಾತ್ರೆಯನ್ನೆಲ್ಲ ಎಣಿಸುವವಳು ತನ್ನ ಡಬ್ಬಿಯ ಉಂಡೆಗಳನ್ನು ಒಂದು ದಿನವೂ ಎಣಿಸಿರಲಿಲ್ಲ. ಎಣಿಸಿದರೆ ಅದು ಲೆಕ್ಕವಾಗುತ್ತದೆ, ಲೆಕ್ಕವಾದರೆ ತಪ್ಪಾಗುತ್ತದೆ ಎಂದು ಎಲ್ಲೋ ಒಳಗೆ ಗೊತ್ತಿತ್ತೇನೋ.

ಡಾಕ್ಟರು ಬರೆದುಕೊಟ್ಟ ಮಾತ್ರೆಯೇ ಅದು. ಅಜ್ಜಿಗೆ ಮರೆವು, ರಾತ್ರಿ ನಿದ್ದೆ ಮಾಡದೆ ಓಡಾಡುತ್ತಾರೆ ಅಂದಾಗ, ಮಲಗುವ ಮುಂಚೆ ಒಂದು ಕೊಡಿ ಅಂದಿದ್ದರು. ರಾತ್ರಿಯ ಮಾತ್ರೆಯನ್ನು ಬೆಳಗ್ಗೆಗೆ ಎಳೆದು ತಂದವಳು ನಿರ್ಮಲಾ. ರಾತ್ರಿ ಎದ್ದರೆ ಹಿಡಿದುಕೊಳ್ಳುವುದಕ್ಕೆ ತಾನಿದ್ದೇನೆ, ಗಂಡ ಗಂಗರಾಜು ಇದ್ದಾನೆ, ಹಗಲು ಯಾರಿದ್ದಾರೆ? ಹಗಲಲ್ಲಿ ಮುದುಕಿ ಅಟ್ಟ ಹತ್ತುತ್ತಿದ್ದಳು. ಅಟ್ಟದ ಮೇಲೆ ಕೊಬ್ಬರಿಗೆಂದು ಹರಡಿದ ಕಾಯಿ ವರ್ಷ ತುಂಬುವ ತನಕ ಹಾಗೇ ಒಣಗಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಗಡಗಡ ಅಂದಾಗಲೇ ಇಳಿಸಬೇಕು. ಒಂದು ಕಾಲಕ್ಕೆ ಭೈರಮ್ಮ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಇದಾಯಿತು, ಇದಾಗಿಲ್ಲ ಅಂದರೆ ಓಣಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಈಗ ಮಗನ ಹೆಸರು ಮರೆತಳು, ಉಂಡದ್ದು ಮರೆತಳು, ಕಾಯಿ ಮರೆಯಲಿಲ್ಲ. ಒಂದು ಮಧ್ಯಾಹ್ನ ನಿರ್ಮಲಾ ಬಂದು ನೋಡಿದರೆ ಏಣಿ ಜಾರಿ ಕೆಳಗೆ ಬಿದ್ದಿದೆ, ಅತ್ತೆ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಳೆ, ಇನ್ನೊಂದು ಗಳಿಗೆ ತಡವಾಗಿದ್ದರೆ ದುಮುಕುತ್ತಿದ್ದಳು. ಏಣಿಯನ್ನು ಪಕ್ಕದ ಮನೆಯ ಗಂಗಕ್ಕನ ಕೊಟ್ಟಿಗೆಗೆ ಸಾಗಿಸಿದ್ದಾಯಿತು. ಮುದುಕಿ ಮರದ ಪೆಟ್ಟಿಗೆಯ ಮೇಲೆ ಕುರ್ಚಿ ಇಟ್ಟಳು. ಗಂಗರಾಜು ಏನು ಬೇಕಾದರೂ ಮಾಡು, ಅವ್ವ ಬಿದ್ದು ಸತ್ತರೆ ಊರವರು ಅನ್ನುವುದು ನಿನ್ನನ್ನೇ ಎಂದು ಹೇಳಿ ಗೂಡ್ಸ್ ಆಟೋ ಹತ್ತಿದ. ಏನು ಮಾಡಿದೆ ಎಂದು ಆಮೇಲೆ ಅವನು ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವನು ಜಾಣ. ಮನೆಯಲ್ಲೇ ಇದ್ದು ನೋಡಿಕೊಂಡಿದ್ದರೆ ಆಗುತ್ತಿತ್ತು, ನಿಜ. ಬಿ.ಎ. ಮಾಡಿ ಇಷ್ಟು ವರ್ಷ ಸಗಣಿ ಬಾಚಿದವಳಿಗೆ ಕಂಡ ಕಂಡ ಮನೆಯ ಜಗಲಿಯಲ್ಲಿ ಮೇಡಂ ಅನ್ನಿಸಿಕೊಳ್ಳುವುದು ಇಷ್ಟವಾಗಿತ್ತು. ಅದನ್ನು ಬಿಡುವುದಕ್ಕಿಂತ ಅತ್ತೆ ಮಲಗುವುದೇ ಸುಲಭ ಅನ್ನಿಸಿತ್ತು. ಇದನ್ನು ಅವಳು ತನಗೆ ತಾನೇ ಇಷ್ಟು ಸ್ಪಷ್ಟವಾಗಿ ಹೇಳಿಕೊಂಡದ್ದು ಕೆಂಚಯ್ಯನ ಜಗಲಿಯಿಂದ ಇಳಿದು ಮುಂದಿನ ಮನೆಗೆ ಹೋಗುವ ದಾರಿಯಲ್ಲಿ.

ಮನೆಯ ಲ್ಯಾಂಡ್‌ಲೈನ್ ಫೋನಿಗೆ ಮಾಡಿದಳು. ಅತ್ತೆ ಎತ್ತುವುದಿಲ್ಲ ಎಂದು ಗೊತ್ತು. ಆ ರಿಂಗಿಗೆ ಎಚ್ಚರವಾದರೂ ಆದೀತು ಎಂಬ ಆಸೆ. ಎಚ್ಚರವಾಯಿತೋ ಇಲ್ಲವೋ ಇಲ್ಲಿಗೆ ಹೇಗೆ ಗೊತ್ತಾಗಬೇಕು ಎಂಬುದು ರಿಂಗು ಮುಗಿದ ಮೇಲೆ ಹೊಳೆಯಿತು. ಗಂಡನಿಗೆ ಮಾಡಿದಳು. ಅವತ್ತು ತಿಪಟೂರಿನಲ್ಲಿ ಕೊಬ್ಬರಿ ಹರಾಜು, ಅವನ ಫೋನು ಸೀಟಿನ ಕೆಳಗೆ ಬಡಿದುಕೊಳ್ಳುತ್ತಿರಬೇಕು. ಎತ್ತಿದ್ದರೂ ಏನೆಂದು ಹೇಳುತ್ತಿದ್ದಳು?

ಮುಂದಿನ ಮನೆ ಮಂಗಳಾಳದು. ನಿರ್ಮಲಾಳದೇ ವಯಸ್ಸು, ಮಾತಿನಲ್ಲಿ ಚುರುಕು. ಮೊರ ತರುವ ಮುಂಚೆಯೇ ಬಾರಕ್ಕ ಎಂದು ಕೈ ಹಿಡಿದು ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ಹೊರಗೆ ಅವಳ ಗಂಡ ಸಿಪ್ಪೆಯ ರಾಶಿಯ ಪಕ್ಕ ಮಲಗಿದ್ದ. ಮೊಬೈಲಿನಲ್ಲಿದ್ದ ಪ್ರಶ್ನೆಗಳು ಒಂದಾದ ಮೇಲೊಂದು ಮುಗಿದು ಕೊನೆಯದು ಬಂತು. ಈ ಪ್ರಶ್ನೆಯನ್ನು ಅವಳು ಯಾವಾಗಲೂ ಬೇಗ ಓದಿ, ಇಲ್ಲ ತಾನೆ ಎಂದು ತಾನೇ ಸೇರಿಸಿಬಿಡುತ್ತಿದ್ದಳು. ಇವತ್ತು ನಾಲಿಗೆ ನಿಧಾನವಾಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ, ಅವರಿಗೆ ತಿಳಿಯದ ಹಾಗೆ, ಊಟದಲ್ಲಿ ಇಲ್ಲವೆ ಹಾಲಿನಲ್ಲಿ ಬೆರೆಸಿ ಔಷಧಿ ಕೊಡುತ್ತೀರಾ?

"ಕೊಡ್ತೀನಿ," ಅಂದಳು ಮಂಗಳಾ.

ಹೊರಗಿನ ಕಡೆ ಗದ್ದ ಎತ್ತಿ ತೋರಿಸಿದಳು. ಕುಡಿತ ಬಿಡಿಸುವ ಮಾತ್ರೆಯಂತೆ. ಯಾರೋ ಹೇಳಿದರು, ಮೆಡಿಕಲ್ ಸ್ಟೋರಿನಿಂದ ತಂದು ಸಾರಿಗೆ ಹಾಕುತ್ತಾಳೆ. ತಿಂದು ಕುಡಿದರೆ ವಾಂತಿ, ಮೈಯೆಲ್ಲ ಕೆಂಪು, ಎದೆ ಹಿಡಿದುಕೊಂಡು ಒದ್ದಾಡುತ್ತಾನೆ. ಮೊದಲ ಸಲ ನೋಡಿ ಹೆದರಿದಳಂತೆ. ಆಮೇಲೆ ಸತ್ತರೆ ಸಾಯಲಿ ಅಂತಲೂ ಅನ್ನಿಸಿತು, ಸಾಯದೆ ಇರಲಿ ಅಂತ ಹರಕೆಯೂ ಹೊತ್ತಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು. ಆಗ ನಿರ್ಮಲಾಗೆ ಏನು ಬಂತೋ, ಮಜ್ಜಿಗೆಯ ಲೋಟ ಕೆಳಗಿಟ್ಟು ಬೈಯುವುದಕ್ಕೆ ಶುರುಮಾಡಿದಳು. ಡಾಕ್ಟರನ್ನು ಕೇಳದೆ ಹಾಕಬಹುದೆ, ಮನುಷ್ಯರೋ ದನವೋ, ಕಟ್ಟಿಕೊಂಡವನಿಗೆ ಕದ್ದು ಹಾಕುವುದಕ್ಕೆ ಕೈಯಾದರೂ ಹೇಗೆ ಬಂತು, ಜೀವ ಹೋದರೆ ನೀವೇ ಹೊಣೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದರಂತೆ, ಹಾಗಿತ್ತು ಅವಳ ಆವೇಶ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದರಿಂದಲೇ ದನಿ ಇನ್ನಷ್ಟು ಏರಿತು. ಮಂಗಳಾ ಮುಖ ಗಂಟಿಕ್ಕಲಿಲ್ಲ.

"ನಿಮ್ಮನೇಲಿ ಅಂಥೋರು ಯಾರೂ ಇಲ್ಲ ಅನ್ಸುತ್ತೆ, ಪುಣ್ಯ ಬುಡಿ ಅಕ್ಕ," ಅಂದಳು. "ಇಲ್ಲ ಅಂತ್ಲೇ ಬರ್ಕಳಿ."

ನಿರ್ಮಲಾಳ ಹೆಬ್ಬೆರಳು ಇಲ್ಲ ಎಂಬುದನ್ನು ಒತ್ತಿತು. ಇಷ್ಟು ದಿನ ಒತ್ತಿದ ಇಲ್ಲಗಳೆಲ್ಲ ಹೀಗೇ ಹುಟ್ಟಿದವಲ್ಲವೆ ಅನ್ನಿಸಿ ನಾಚಿಕೆಯಾಯಿತು. ಹೌದೆಂದ ಒಬ್ಬಳೇ ಒಬ್ಬಳನ್ನು ಬೈದು ಇಲ್ಲ ಅನ್ನಿಸಿದ್ದಳು.

ಬೇವಿನ ಮರದ ನೆರಳಿಗೆ ಬಂದು ಗಂಗಕ್ಕನಿಗೆ ಫೋನು ಮಾಡುವುದೋ ಬೇಡವೋ ಎಂದು ನಿಂತಳು. ಗಂಗಕ್ಕ ಕೆಟ್ಟವಳಲ್ಲ. ಆದರೆ ಅವಳ ಕಿವಿಗೆ ಬಿದ್ದದ್ದು ಹಾಲಿನ ಡೈರಿಯ ಮುಂದೆ ಸಂಜೆಯೊಳಗೆ ಹೆಪ್ಪಾಗಿರುತ್ತದೆ. ಮಾಡದಿದ್ದರೆ? ಅತ್ತೆಯ ಬಾಯಿ ಅರೆ ತೆರೆದದ್ದು, ಜೊಲ್ಲು ದಿಂಬಿಗೆ ಇಳಿದದ್ದು, ನೊಣ ಕೂತದ್ದು ಕಣ್ಣಿಗೆ ಕಟ್ಟಿತು. ಸತ್ತರೆ ಮೈ ನೀಲಿಯಾಗುತ್ತದೆಯೆ? ಯಾರಿಗಾದರೂ ಗೊತ್ತಾಗುತ್ತದೆಯೆ? ಅತ್ತೆ ಉಳಿಯಲಿ ಎನ್ನುವುದಕ್ಕಿಂತ ಮುಂಚೆ ಗೊತ್ತಾಗುತ್ತದೆಯೆ ಎಂಬುದು ಬಂದುಬಿಟ್ಟಿತು. ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು. ಆ ಹೇಸಿಗೆಯ ಬಿಸಿಯಲ್ಲೇ ನಂಬರು ಒತ್ತಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಮರೆತಿದ್ದೇನೆ, ಕಿಟಕಿಯಿಂದ ವಾಸನೆ ಬರುತ್ತಿದೆಯೇ ನೋಡಿ, ಹಾಗೇ ಅತ್ತೆಯನ್ನೂ ಒಂದು ಸಲ ಮಾತಾಡಿಸಿ ಎಂದಳು. ಗಂಗಕ್ಕ ಫೋನು ಹಿಡಿದುಕೊಂಡೇ ಹೋದಳು. ಅವಳ ಚಪ್ಪಲಿಯ ಸದ್ದು ಕೇಳಿತು. ಅತ್ತೆಯ ಹೆಸರು ಹಿಡಿದು ಕೂಗುವ ಅವಳ ದನಿಯೂ ಕೇಳಿತು: ಭೈರಕ್ಕಾ, ಏ ಭೈರಕ್ಕಾ. ನಿರ್ಮಲಾ ಫೋನನ್ನು ಕಿವಿಗೆ ಒತ್ತಿ, ಆ ಕೂಗಿಗೆ ಓ ಅನ್ನುವ ಇನ್ನೊಂದು ದನಿಗಾಗಿ ಕಾದಳು.

"ಗ್ಯಾಸ್ ವಾಸ್ನೆ ಏನಿಲ್ಲ ಕಣೇ," ಅಂದಳು ಗಂಗಕ್ಕ. "ನಿಮ್ಮತ್ತೆ ಮಂಚದ್ಮೇಲೆ ಬಿದ್ಕಂಡವ್ರೆ. ಅಷ್ಟು ಕೂಗ್ದೆ, ಮಿಸುಕ್ಲಿಲ್ಲ. ಬೀಗ ಹಾಕ್ಕಂಡೋಗಿದ್ದೀಯಲ್ಲ, ಯಾಕೆ?"

ಏನೋ ಉತ್ತರ ಕೊಟ್ಟಳು. ಏನು ಕೊಟ್ಟಳೋ ಮರುಗಳಿಗೆಗೆ ಮರೆತುಹೋಯಿತು. ಬೀಗ ಒಡೆಸಿ ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಬೀಗ ಒಡೆದರೆ ಜನ ಸೇರುತ್ತಾರೆ, ಯಾರಾದರೂ ಒಬ್ಬರು ಲೋಟ ಮೂಸುತ್ತಾರೆ. ನಾನೇ ಹೋಗಿ ತೆಗೆಯಬೇಕು. ಉಳಿದ ಮನೆಗಳನ್ನು ಬಿಟ್ಟು ರಸ್ತೆಗೆ ಬಂದಳು. ಎಲ್ಲಿಗೆ ಹೋದಿರಿ ಎಂದು ಶ್ರೀನಿವಾಸ್ ಮಾಡಿದ ಫೋನಿಗೆ ಅತ್ತೆಗೆ ಹುಷಾರಿಲ್ಲ ಅಂದಳು. ಬೆಳಗಿನಿಂದ ಆಡಿದ ಮಾತುಗಳಲ್ಲಿ ಅದೊಂದೇ ನಿಜವಿರಬಹುದು ಎಂದು ತೋರಿತು.

ತಿಪಟೂರಿನಲ್ಲಿ ಕೊಬ್ಬರಿ ಮೂಟೆಯ ಲಾರಿಗಳು ರಸ್ತೆಗೆ ಅಡ್ಡ ನಿಂತು ಬಸ್ಸು ಅಲುಗಾಡಲಿಲ್ಲ. ಡ್ರೈವರು ಇಳಿದು ಹೋಗಿ ಟೀ ಕುಡಿದು ಬಂದ. ತುರುವೇಕೆರೆಯ ಕಡೆ ಹೊರಟ ಮೇಲೂ ಕೈ ತೋರಿಸಿದಲ್ಲೆಲ್ಲ ನಿಲ್ಲಿಸಿದ. ಎದುರಿನ ಸೀಟಿನ ಮುದುಕಿಯೊಬ್ಬಳು ತೂಕಡಿಸಿ ತೂಕಡಿಸಿ ಕಿಟಕಿಯ ಸರಳಿಗೆ ಹಣೆ ತಗುಲಿಸಿಕೊಳ್ಳುತ್ತಿದ್ದಳು. ಏಳಿ ಅಜ್ಜಿ ಎಂದು ನಿರ್ಮಲಾ ಭುಜ ಹಿಡಿದು ಅಲ್ಲಾಡಿಸಿದಳು, ಬೇಕಾದ್ದಕ್ಕಿಂತ ಜೋರಾಗಿಯೇ. ಮುದುಕಿ ಕಣ್ಣು ಬಿಟ್ಟು, ಯಾವೂರು ಬಂತು ಎಂದು ಗಾಬರಿಯಿಂದ ಕೇಳಿದಳು. ಯಾವೂರೂ ಬರಲಿಲ್ಲ, ಮಲಗಿ ಅಂದಳು ನಿರ್ಮಲಾ. ಮದುವೆಯಾದ ಹೊಸತರಲ್ಲಿ ನಿರ್ಮಲಾಗೆ ಬೆಳಗ್ಗೆ ಎಚ್ಚರವಾಗುತ್ತಿರಲಿಲ್ಲ. ಅತ್ತೆ ಎಬ್ಬಿಸುತ್ತಿರಲಿಲ್ಲ. ತಾನೇ ಅಂಗಳ ಸಾರಿಸಿ, ರಂಗೋಲಿ ಎಳೆದು, ಯಾರಾದರೂ ಕೇಳಿದರೆ ಸೊಸೆ ಹಾಕಿದ್ದು ಅನ್ನುತ್ತಿದ್ದಳು. ಆ ಡೊಂಕು ಎಳೆ ಸೊಸೆಯ ಕೈಯದಲ್ಲ ಎಂದು ಓಣಿಯವರಿಗೆ ಗೊತ್ತಾಗದೆ ಇರಲಿಲ್ಲ. ಈ ನೆನಪು ಯಾಕಾದರೂ ಈಗ ಬಂತೋ, ಕಣ್ಣು ತುಂಬಿ ಹೊರಗಿನ ತೋಟಗಳೆಲ್ಲ ಒಂದಕ್ಕೊಂದು ಕಲೆಸಿಹೋದವು. ದೇವರೇ, ಉಳಿಸು, ಕೆಲಸ ಬಿಡುತ್ತೇನೆ ಅಂದುಕೊಂಡಳು. ಮರುಕ್ಷಣವೇ ಮನಸ್ಸು ಚೌಕಾಸಿಗೆ ಇಳಿಯಿತು: ಕೆಲಸ ಬಿಡದಿದ್ದರೂ ಉಂಡೆಯನ್ನಂತೂ ಬಿಡುತ್ತೇನೆ.

ಬೀಗ ತೆಗೆಯುವಾಗ ಗಂಗಕ್ಕ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿ ಮಂಚ ನೋಡಿದಳು. ಮಂಚ ಖಾಲಿ. ಕಂಬಳಿ ನೆಲಕ್ಕೆ ಇಳಿದಿತ್ತು. ಅತ್ತೇ ಎಂದು ಕೂಗಿದಳು. ತಲೆ ಎತ್ತಿ ಅಟ್ಟದ ಅಂಚು ನೋಡಿದಳು, ಅಲ್ಲಿಂದ ಕೆಳಗೆ ನೆಲ ನೋಡಿದಳು, ನೋಡುವುದಕ್ಕೆ ಧೈರ್ಯವಿಲ್ಲದೆ ನೋಡಿದಳು. ಏನೂ ಇರಲಿಲ್ಲ. ಆಗ ಅಡುಗೆ ಮನೆಯಿಂದ ಕಾಯಿ ಅಲ್ಲಾಡಿಸುವ ಸದ್ದು ಬಂತು.

ಭೈರಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಬಾಯಿ ಬಿಚ್ಚಿದ ಚೀಲ, ಕೈಯಲ್ಲಿ ಅದರಿಂದ ತೆಗೆದ ಕಾಯಿ. ಕಣ್ಣಿನಲ್ಲಿ ನಿದ್ದೆಯ ಭಾರವಿತ್ತು, ಆದರೆ ಸೊಸೆಯನ್ನು ಗುರುತು ಹಿಡಿದ ಕಣ್ಣು ಅದು, ದಿನಾ ಇರುವಂಥದ್ದಲ್ಲ. ನಿರ್ಮಲಾ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಸಂತೋಷವಾಯಿತು. ಸಂತೋಷ ಅಂದರೆ ಇಷ್ಟೊಂದು ಸುಸ್ತು ಎಂದು ಅವಳಿಗೆ ಗೊತ್ತಿರಲಿಲ್ಲ.

"ಗಂಗಿ ಬಂದಿದ್ಲು," ಅಂದಳು ಭೈರಮ್ಮ. "ಕಿಟಕೀಲಿ ನಿಂತ್ಕಂಡು ಬಾಯಿ ಬಡ್ಕಂಡ್ಲು. ನಾನು ಏಳ್ಲಿಲ್ಲ."

"ಯಾಕತ್ತೆ? ಒಂದು ಸಲ ಓ ಅನ್ನಬಾರ್ದಿತ್ತಾ?"

"ಎದ್ರೆ, ನಿನ್ ಸೊಸೆ ಯಾಕೆ ಬೀಗ ಹಾಕವ್ಳೆ ಅಂತ ಕೇಳ್ತಾಳೆ. ಏನಂತ ಹೇಳ್ಲಿ? ಮಲ್ಗಿರೋರ್ನ ಯಾರೂ ಏನೂ ಕೇಳಲ್ಲ."

ಇಷ್ಟು ಉದ್ದದ ಮಾತನ್ನು ಅತ್ತೆಯ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಎದ್ದು ಹೋಗಿ ಕಾಲು ಹಿಡಿಯಲೇ, ಎಂದಿನಂತೆ ಊಟಕ್ಕೆ ಏನು ಮಾಡಲಿ ಎಂದು ಕೇಳಲೇ ಎಂದು ಗೊತ್ತಾಗದೆ ನಿರ್ಮಲಾ ಸೆರಗಿನ ತುದಿ ಸುತ್ತುತ್ತಿದ್ದಳು. ಮುದುಕಿ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಕಡೆ ಕೈ ತೋರಿಸಿದಳು. ಕೆಳಗೆ ಲೋಟ ಇದೆ, ತೆಗೆದುಕೊಂಡು ಹೋಗಿ ಚೆಲ್ಲು, ಇರುವೆ ಮುತ್ತುತ್ತವೆ ಅಂದಳು. ನಿರ್ಮಲಾ ಹೋಗಿ ಬಗ್ಗಿ ನೋಡಿದಳು. ಲೋಟದ ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿತ್ತು. ತೆಗೆದರೆ ಕೆನೆಗಟ್ಟಿದ ಹಾಲು, ಅರ್ಧ ಲೋಟ.

"ಇವತ್ತು ಬಲೇ ಕಹಿ ಆಗಿತ್ತು ಕಣೇ," ಒಳಗಿಂದ ಮಾತು ಬಂತು. "ದಿನಾ ಇರಾಂಗಿರ್ಲಿಲ್ಲ. ಅದ್ಕೇ ಅರ್ಧಕ್ಕೇ ಬುಟ್ಟೆ."

ಹಾಗಾದರೆ ಎರಡು ಹಾಕಿದ್ದಳು. ಬೆಳಗಿನಿಂದ ಹುಡುಕಿದ ಉತ್ತರ ಕೊನೆಗೂ ಸಿಕ್ಕಿತ್ತು, ಆದರೆ ಅವಳ ಮನಸ್ಸು ಅದರ ಮೇಲೆ ನಿಲ್ಲಲಿಲ್ಲ. ದಿನಾ ಎಂಬ ಮಾತಿನ ಮೇಲೆ ನಿಂತಿತ್ತು. ದಿನಾ ಗೊತ್ತಿತ್ತು. ಲೋಟ ಚಾಚಿದಾಗ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು, ಹೋಗಿ ಬಾ ನಿಂಗೆ ಹೊತ್ತಾಯ್ತು ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳಲ್ಲ, ಆ ಹೊತ್ತಿನಲ್ಲೆಲ್ಲ ಗೊತ್ತಿತ್ತು. ಯಾರಿಗೆ ತಿಳಿಯದ ಹಾಗೆ? ನಿರ್ಮಲಾ ಲೋಟ ಹಿಡಿದು ಅಡುಗೆ ಮನೆಗೆ ಬಂದಳು. ಇಷ್ಟು ದಿನ ಒಮ್ಮೆಯೂ ಅದನ್ನು ತಾನು ಬಾಯಿಗೆ ಬಿಟ್ಟುಕೊಂಡು ನೋಡಿರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಮೊದಲು ಬೆಲ್ಲ ಬಂತು, ಆಮೇಲೆ ನಾಲಿಗೆಯ ಹಿಂದಿನಿಂದ ಕಹಿ ಎದ್ದಿತು. ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ ಬಾಯಲ್ಲಿಟ್ಟುಕೊಂಡು ನಿಂತಳು. ಕಣ್ಣಲ್ಲಿ ನೀರು ಬಂದದ್ದು ಕಹಿಗೋ ಬೇರೆಯದಕ್ಕೋ ಅವಳಿಗೇ ತಿಳಿಯಲಿಲ್ಲ.

ಭೈರಮ್ಮ ಅವಳ ಮುಖವನ್ನು ನೋಡಿದಳು. ಅಯ್ಯೋ ಪಾಪ ಎಂಬಂಥ ನೋಟ.

"ನಾಳಿಂದ ಬೆಲ್ಲ ಇನ್ನೊಂಚೂರು ಜಾಸ್ತಿ ಹಾಕು," ಅಂದು, ಮಡಿಲಿನ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮತ್ತೆ ಅಲ್ಲಾಡಿಸಿದಳು.